ಕೌದಿಯ ಕೊನೆಯ ಮೂಲೆ

ಜನವರಿ ಇಪ್ಪತ್ತಾರು ಬಂತೆಂದರೆ ಸೋಮಪ್ಪನನ್ನು ಹಿಡಿಯುವವರಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಬಾಯ್ಲರ್ ಮುಂದೆ ನಿಂತು ನಿವೃತ್ತನಾದ ಮನುಷ್ಯ. ಉಳಿದ ದಿನಗಳಲ್ಲಿ ಮಾತು ಕಡಿಮೆ, ಕೆಮ್ಮು ಜಾಸ್ತಿ. ಆದರೆ ಗಣರಾಜ್ಯೋತ್ಸವದ ದಿನ ಶಾಲೆಯ ಬಯಲಿನಲ್ಲಿ ಧ್ವಜ ಏರಿಸಿ, ಲಾಡು ಹಂಚಿ ಮುಗಿದ ಮೇಲೆ ಓಣಿಯ ಹಿರಿಯರೆಲ್ಲ ಬೇವಿನ ಮರದ ಕಟ್ಟೆಗೆ ಬಂದು ಕೂತರೆ ಮಾತು ತಾನಾಗಿಯೇ 2001ನೇ ಇಸವಿಗೆ ಹೋಗಿ ನಿಲ್ಲುತ್ತದೆ. ಗುಜರಾತಿನಲ್ಲಿ ಭೂಮಿ ನಡುಗಿ ಊರಿಗೆ ಊರೇ ನೆಲ ಕಚ್ಚಿದ ದಿನ ಅದು. ಆ ಹೊತ್ತಿಗೆ ಯಾರು ಎಲ್ಲಿದ್ದರು ಎಂಬುದನ್ನು ಒಬ್ಬೊಬ್ಬರಾಗಿ ಹೇಳುತ್ತಾರೆ. ಎಲ್ಲರಿಗೂ ಎಲ್ಲರದೂ ಬಾಯಿಪಾಠವಾಗಿದೆ, ಆದರೂ ಹೇಳುತ್ತಾರೆ, ಆದರೂ ಕೇಳುತ್ತಾರೆ.

ಅಂದಾನೆಪ್ಪ ಆಗ ಲಾಡಿನ ಬುಟ್ಟಿ ಹಿಡಿದು ನಿಂತಿದ್ದನಂತೆ. ಇಡೀ ಓಣಿಯಲ್ಲಿ ಟಿವಿ ಇದ್ದ ಒಂದೇ ಮನೆಯ ಮಹಾದೇವಕ್ಕ ದಿಲ್ಲಿಯ ಪರೇಡು ಶುರುವಾಗುವುದನ್ನು ಕಾಯುತ್ತ ಅವಲಕ್ಕಿ ಒಗ್ಗರಣೆಗೆ ಹಾಕುತ್ತಿದ್ದಳಂತೆ. ಸೋಮಪ್ಪನ ಪ್ರಕಾರ ಬಾಯ್ಲರ್ ಮನೆಯ ದೀಪ ಆ ಹೊತ್ತಿಗೆ ಸರಿಯಾಗಿ ಎರಡು ಸಲ ಅತ್ತಿತ್ತ ತೂಗಿತ್ತು. ದೀಪ ತೂಗಿದ್ದನ್ನು ಇನ್ನೊಬ್ಬ ನರಪಿಳ್ಳೆಯೂ ಕಂಡಿಲ್ಲ. ಆದರೆ ಇಪ್ಪತ್ತೈದು ವರ್ಷ ಒಂದೇ ಮಾತು ಹೇಳಿದವನನ್ನು ಈಗ ಯಾರು ತಡೆದಾರು? ದೀಪದ ಕಥೆ ಮುಗಿದ ಮೇಲೆ ಆತ ಗಂಟಲು ಸರಿ ಮಾಡಿಕೊಂಡು ಎರಡನೆಯದಕ್ಕೆ ಬರುತ್ತಾನೆ. ಎರಡು ದಿನದ ಮೇಲೆ ಭೂಕಂಪದವರಿಗಾಗಿ ಬಟ್ಟೆ ಬರೆ ಕೇಳಿಕೊಂಡು ಕೈಗಾಡಿ ಬಂದಾಗ ಊರವರೆಲ್ಲ ಹರಕು ಮುರುಕು ಹಾಕಿದರು, ತಾನೊಬ್ಬ ಮಾತ್ರ ಹೆಂಡತಿ ಅದೇ ತಾನೆ ಹೊಲಿದು ಮುಗಿಸಿದ ಹೊಸ ಕೌದಿ ಕೊಟ್ಟೆ ಎಂಬುದೇ ಆ ಕಥೆ.

ಈ ಕಥೆ ಶುರುವಾಗುತ್ತಲೂ ಆತನ ಹೆಂಡತಿ ಶಂಕ್ರೆವ್ವ ಎದ್ದು ಒಳಗೆ ಹೋಗುತ್ತಾಳೆ. ಗಂಡನ ದೊಡ್ಡಸ್ತಿಕೆ ಕೇಳಿ ಬೇಸತ್ತಿದ್ದಾಳೆ ಎಂದು ಜನ ನಗುತ್ತಾರೆ. ಆಕೆಯನ್ನೇ ಯಾರಾದರೂ ಕೇಳಿದರೆ ಉತ್ತರ ಎರಡೇ ಮಾತು: “ಮನ್ಯಾಗ ಇದ್ನಿ. ಹೊಲ್ಯಾಕತ್ತಿದ್ನಿ.” ಸುಳ್ಳಲ್ಲ. ಆದರೆ ಏನು ಹೊಲಿಯುತ್ತಿದ್ದಳು ಎಂದು ಯಾರೂ ಕೇಳಿಲ್ಲ. ಕೌದಿ ಹೊಲಿಯುವ ಹೆಂಗಸು ಮತ್ತೇನು ಹೊಲಿದಾಳು?

ಶಂಕ್ರೆವ್ವನ ತವರು ಮುಂಡಗೋಡ ತಾಲೂಕಿನ ಇಂದೂರ. ಕೌದಿಯ ಕೈ ಅಜ್ಜಿಯಿಂದ ಬಂದದ್ದು. ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸ, ಏನೇ ಇರಲಿ ನೆಲದ ಮೇಲೆ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಹೊಲಿಗೆ ಹಾಕುತ್ತ ಬರುವ ಕೆಲಸ. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಧಾರವಾಡ, ಬೆಳಗಾವಿ ಕಡೆಯಿಂದ ಕಾರ್ಖಾನೆಗೆ ಬಂದು ನೆಲೆಸಿದ ಮನೆಗಳೆಲ್ಲ ಆಕೆಗೆ ಗಂಟು ತಂದುಕೊಟ್ಟವು. ಗಂಟು ಬಿಚ್ಚಿದರೆ ಸಾಕು, ಆ ಮನೆಯಲ್ಲಿ ಯಾರು ದಪ್ಪಗಾದರು, ಯಾರು ಬಸುರಾದರು, ಯಾರಿಗೆ ಕುಡಿತ ಹೆಚ್ಚಾಯಿತು ಎಲ್ಲ ಆಕೆಗೆ ತಿಳಿಯುತ್ತಿತ್ತು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಅದಕ್ಕೇ ಹೆಂಗಸರು ಆಕೆಯನ್ನು ನಂಬುತ್ತಿದ್ದರು.

ಕೌದಿಗೊಂದು ಪದ್ಧತಿ ಉಂಟು. ಕೊನೆಯ ಮೂಲೆಯನ್ನು ಒಂದು ಗೇಣು ತೆರೆದಿಟ್ಟು, ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ತುತ್ತು ಇಟ್ಟು ಆಮೇಲೆ ಮುಚ್ಚಬೇಕು. ಹೊದೆಯುವವರ ಮೈ ಕಾಯುವಂಥದ್ದರ ಹೊಟ್ಟೆ ಹಸಿದಿರಬಾರದು ಎಂದು. ಶಂಕ್ರೆವ್ವ ಯಾರ ಕೌದಿಯನ್ನೂ ಬರಿಹೊಟ್ಟೆಯಲ್ಲಿ ಕಳಿಸಿದವಳಲ್ಲ. ಒಂದನ್ನು ಬಿಟ್ಟು.

ತವರಿನಲ್ಲಿ ಗೋಡೆಗೆ ಗೋಡೆ ಹೊಂದಿದ ಮನೆ ಈಶಪ್ಪನದು. ಆತನ ಹೆಂಡತಿ ಹೊಳೆವ್ವ ಶಂಕ್ರೆವ್ವನಿಗಿಂತ ಎಂಟು ವರ್ಷ ದೊಡ್ಡವಳು, ಆದರೆ ಇಬ್ಬರದೂ ಒಂದೇ ಜೀವ. ಹೊಳೆವ್ವನಿಗೆ ರುದ್ರೇಶ ಹುಟ್ಟಿ ಏಳು ವರ್ಷದ ಮೇಲೆ ಹೆಣ್ಣು ಹುಟ್ಟಿತು, ಸುಮಿತಾ. ಅದೇ ವರ್ಷ ಶಂಕ್ರೆವ್ವನಿಗೆ ಸುವರ್ಣಾ. ಶಾಲೆಗೆ ಸೂಟಿ ಬಿಟ್ಟರೆ ಸಾಕು, ಸುವರ್ಣಾ ಇಂದೂರಿನಲ್ಲೇ. ಇಬ್ಬರೂ ಹುಡುಗಿಯರು ಒಂದೇ ತಾಟಿನಲ್ಲಿ ಉಂಡು ಒಂದೇ ಹಾಸಿಗೆಯಲ್ಲಿ ಬೀಳುತ್ತಿದ್ದರು. ಎಂಟನೆಯ ವರ್ಷದ ಯುಗಾದಿಗೆ ಮುಂಡಗೋಡದ ಸಂತೆಯಲ್ಲಿ ಒಂದೇ ತಾನಿನಿಂದ ಹಳದಿ ಬಟ್ಟೆ ಹರಿಸಿ ಇಬ್ಬರಿಗೂ ಒಂದೇ ನಮೂನೆಯ ಫ್ರಾಕು ಹೊಲಿಸಿದರು. ಹಳದಿಯ ಮೇಲೆ ಗಿಳಿಹಸಿರು ಹೂವು. ಬೆನ್ನು ಹಾಕಿ ನಿಂತರೆ ಯಾರು ಯಾರೆಂದು ತಾಯಂದಿರಿಗೇ ತಿಳಿಯುತ್ತಿರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಸುಮಿತಾ ಜ್ವರ ಬಂದು ಹೋದಳು. ಮೂರು ದಿನದ ಜ್ವರ. ಮೂರು ದಿನವೂ ಗಂಟಲಲ್ಲಿ ಒಂದು ಗುಟುಕು ಇಳಿಯಲಿಲ್ಲ.

ಹೋದವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೊಳೆವ್ವನ ಅತ್ತೆ ಆ ವಿಷಯದಲ್ಲಿ ಕಟ್ಟುನಿಟ್ಟು. ಮೂರನೆಯ ದಿನವೇ ಹುಡುಗಿಯದೆಲ್ಲವನ್ನೂ ಗಂಟು ಕಟ್ಟಿಸಿ ಹಳ್ಳಕ್ಕೆ ಬಿಡಿಸಿದಳು. ಆದರೆ ಹಳದಿ ಫ್ರಾಕು, ಶಾಲೆಯ ನೀಲಿ ಸ್ಕರ್ಟು, ಬಿಳಿ ಅಂಗಿ ಇಷ್ಟನ್ನು ಹೊಳೆವ್ವ ಜೋಳದ ಕಣಜದೊಳಗೆ ತುರುಕಿದ್ದಳು. ದೀಪಾವಳಿ ಮುಗಿದ ಮೇಲೆ ಹಲ್ಲುನೋವಿನ ನೆಪ ಹೇಳಿ ದಾಂಡೇಲಿಗೆ ಬಂದು ಶಂಕ್ರೆವ್ವನ ಮಡಿಲಿಗೆ ಅವನ್ನು ಹಾಕಿದಳು. ಫ್ರಾಕಿನ ಮಡಿಕೆಯಲ್ಲಿ ಜೋಳದ ಕಾಳು ಸಿಕ್ಕಿಕೊಂಡಿದ್ದವು.

“ಕೌದ್ಯಾಗ ಹೊಲದು ಬಿಡವ್ವಾ,” ಎಂದಳು. “ಒಳಗ ಏನೈತಿ ಅಂತ ಯಾರಿಗೂ ತಿಳೀಬಾರದು. ಮ್ಯಾಲ ಒಂದ ಮೂಲ್ಯಾಗ ಈ ಹಳದೀದು ಅಂಗೈಯಷ್ಟ ತುಂಡ ಇಡು. ಕತ್ತಲದಾಗ ಕೈಗೆ ಸಿಗಲಿ.”

ಮೇಲಿನ ಪದರಕ್ಕೆ ತನ್ನವೇ ಎರಡು ಹಳೆಯ ಸೀರೆ ಹಾಕಿ ಶಂಕ್ರೆವ್ವ ಶುರು ಮಾಡಿದಳು. ಸೋಮಪ್ಪ ಪಾಳಿಗೆ ಹೋದಾಗ, ಸುವರ್ಣಾ ಶಾಲೆಗೆ ಹೋದಾಗ ಮಾತ್ರ ಹೊಲಿಯುತ್ತಿದ್ದಳು. ಸತ್ತ ಕೂಸಿನ ಅಂಗಿಯ ಮೇಲೆ ಸೂಜಿ ಊರುವ ಹೊತ್ತು ಬಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಹದಿನೈದು ದಿನದ ಕೆಲಸಕ್ಕೆ ಎರಡೂವರೆ ತಿಂಗಳು ಹಿಡಿಯಿತು.

ಕೊನೆಯ ಮೂಲೆಗೆ ಬಂದದ್ದು ಜನವರಿ ಇಪ್ಪತ್ತಾರರ ಮುಂಜಾನೆ. ಅಪ್ಪ ಕಾರ್ಖಾನೆಯಲ್ಲಿ, ಮಗಳು ಧ್ವಜದ ಹತ್ತಿರ. ಶಂಕ್ರೆವ್ವ ನಸುಕಿನಲ್ಲೆದ್ದು ಸಜ್ಜಕದ ಹೋಳಿಗೆ ಮಾಡಿದ್ದಳು, ಸುಮಿತಾಗೆ ಅದು ಪ್ರಾಣ. ಒಂದು ತುತ್ತು ಮುರಿದು ತುಪ್ಪ ಸವರಿ, ತೆರೆದ ಮೂಲೆಯಲ್ಲಿ ಕೈ ತೂರಿಸಿ, ಹಳದಿ ಫ್ರಾಕಿನ ಎದೆಯ ಜಾಗ ಹುಡುಕಿ ಅಲ್ಲಿಟ್ಟಳು. “ಉಣ್ಣವ್ವಾ,” ಎಂದಳು. ಶಾಲೆಯ ಮೈಕಿನಲ್ಲಿ ಜನಗಣಮನ ಮುಗಿದು ಹೆಡ್‌ಮಾಸ್ತರರ ಭಾಷಣ ಶುರುವಾಗಿತ್ತು. ಒಂಬತ್ತಕ್ಕೆ ಇನ್ನೂ ಹತ್ತು-ಹದಿನೈದು ನಿಮಿಷವಿತ್ತು. ಅದೇ ಹೊತ್ತಿಗೆ ಅತ್ತ ಎಷ್ಟೋ ಊರುಗಳ ಮನೆಗಳು ಮಕ್ಕಳ ಮೇಲೆ ಕುಸಿಯುತ್ತಿದ್ದವು ಎಂದು ಸಂಜೆ ಮಹಾದೇವಕ್ಕನ ಟಿವಿಯ ಮುಂದೆ ಕೂತಾಗ ತಿಳಿಯಿತು. ಓಣಿಯೆಲ್ಲ ಅಲ್ಲಿ ನೆರೆದಿತ್ತು. ಶಂಕ್ರೆವ್ವ ಸುವರ್ಣಾಳನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.

ರವಿವಾರ ಆಕೆ ಬಸ್ ನಿಲ್ದಾಣಕ್ಕೆ ಹೋದಳು. ಇಂದೂರಿನ ಕಡೆ ಹೋಗುವ ಪರಿಚಯದವರ ಕೈಯಲ್ಲಿ, ಹಲ್ಲಿಗೆ ಔಷಧ ಸಿಕ್ಕಿದೆ ಬಂದು ತೆಗೆದುಕೊಂಡು ಹೋಗು ಎಂದು ಹೊಳೆವ್ವನಿಗೆ ಹೇಳಿ ಕಳಿಸಬೇಕಿತ್ತು. ಅವರಿಬ್ಬರ ನಡುವೆ ಹಾಗೆ ಮಾತಾಗಿತ್ತು. ತಿರುಗಿ ಬರುವಷ್ಟರಲ್ಲಿ ಕೈಗಾಡಿ ಓಣಿಗೆ ಬಂದು ಹೋಗಿತ್ತು.

ಸೋಮಪ್ಪ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದ. ಮುಖದಲ್ಲಿ ಬೆಳಕು. ಟ್ರಂಕಿನ ಹಿಂದೆ ಗಂಟು ಕಟ್ಟಿಟ್ಟಿದ್ದ ಹೊಸ ಕೌದಿಯನ್ನು ಕೊಟ್ಟುಬಿಟ್ಟಿದ್ದಾಗಿ ಹೇಳಿದ. ಅದು ಯಾರದೋ ಗಿರಾಕಿಯದಿದ್ದರೆ ಅವರಿಗೆ ಇನ್ನೊಂದು ಹೊಲಿದು ಕೊಡು, ಮನೆ ಮಠ ಕಳೆದುಕೊಂಡ ಮಕ್ಕಳಿಗೆ ಹರಕು ಕೊಡಲು ಮನಸ್ಸು ಬರಲಿಲ್ಲ ಎಂದ. ಕೆಟ್ಟ ಮನುಷ್ಯನಾಗಿದ್ದರೆ ಬೈದು ಹಗುರಾಗಬಹುದಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಸೋಮಪ್ಪ ಮಾಡಿದ ಅತಿ ದೊಡ್ಡ ಒಳ್ಳೆಯ ಕೆಲಸ ಅದು. ಅದೇ ಹೆಂಡತಿಯ ಎದೆಗೆ ಕಲ್ಲಾಗಿ ಬಂತು. ಅದರೊಳಗೆ ಏನಿದೆ ಎಂದು ಹೇಳಲು ಬಾಯಿ ತೆರೆದಳು. ಯಾರಿಗೂ ಹೇಳುವುದಿಲ್ಲ ಎಂದು ಹೊಳೆವ್ವನ ಕೈ ಹಿಡಿದು ಮಾತು ಕೊಟ್ಟದ್ದು ನೆನಪಾಗಿ ಮುಚ್ಚಿಕೊಂಡಳು.

ಗಾಡಿಯ ಸಾಮಾನೆಲ್ಲ ಹಳಿಯಾಳದ ಒಂದು ಗೋದಾಮಿಗೆ ಹೋಗುತ್ತದೆ, ಸೋಮವಾರ ಅಲ್ಲಿಂದ ಲಾರಿ ಹೊರಡುತ್ತದೆ ಎಂದು ಗೊತ್ತಾಯಿತು. ಸೋಮವಾರ ಮೊದಲ ಬಸ್ಸಿಗೇ ಶಂಕ್ರೆವ್ವ ಹಳಿಯಾಳಕ್ಕೆ ಹೋದಳು. ಗೋದಾಮಿನ ಮುಂದೆ ಲಾರಿ ತುಂಬಿ ಹಗ್ಗ ಬಿಗಿಯುತ್ತಿದ್ದರು. ಹಿಂಬದಿಯ ಹಲಗೆಯ ಸಂದಿಯಲ್ಲಿ, ಅಕ್ಕಿ ಚೀಲಗಳ ಮೇಲೆ, ಒಂದರ ಮೇಲೊಂದು ಕಂಬಳಿ, ಚಾದರ. ಅವುಗಳ ನಡುವೆ ಆಕೆಯ ಹಳೆಯ ಕೆಂಪು ಸೀರೆಯ ಅಂಚು, ಅದರ ಮೂಲೆಯಲ್ಲಿ ಅಂಗೈಯಷ್ಟು ಹಳದಿ. ಕೈ ಚಾಚಿದರೆ ಮುಟ್ಟಬಹುದಿತ್ತು.

ಸಾಮಾನು ಬರೆದುಕೊಳ್ಳುತ್ತಿದ್ದ ಮೌನೇಶ ಎಂಬ ತರುಣ ಆಕೆಯನ್ನು ನೋಡಿದ. ಎರಡು ದಿನದಿಂದ ನಿದ್ದೆಗೆಟ್ಟ ಕಣ್ಣು. “ಏನ ತಂದೀರಿ ಯವ್ವಾ?” ಎಂದ.

ಆಕೆಯ ಮುಂದೆ ಒಬ್ಬ ಮುದುಕಿ ತನ್ನ ಸೊಂಟದ ಚೀಲದಿಂದ ಜೋಳದ ಹಿಟ್ಟಿನ ಪೊಟ್ಟಣ ತೆಗೆದು ಕೊಡುತ್ತಿದ್ದಳು. ಹಿಂದೆ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದವು. ಕೊಟ್ಟದ್ದನ್ನು ತಿರುಗಿ ಕೊಡಿರಿ ಎಂದು ಆ ಸಾಲಿನಲ್ಲಿ ನಿಂತು ಹೇಳುವುದು ಹೇಗೆ? ಟಿವಿಯಲ್ಲಿ ನೋಡಿದ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಇದರೊಳಗೆ ಒಂದು ಕೂಸಿದೆ, ಅದು ಇಲ್ಲಿಯದು ಎಂದು ಹೇಳಿದರೆ ಹುಚ್ಚಿ ಎನ್ನುತ್ತಿದ್ದರು. ಮೌನೇಶ ಇನ್ನೂ ಕೈ ಚಾಚಿಯೇ ನಿಂತಿದ್ದ. ಶಂಕ್ರೆವ್ವ ಮೈಮೇಲೆ ಹಾಕಿಕೊಂಡಿದ್ದ ಸ್ವೆಟರು ಬಿಚ್ಚಿ ಆತನ ಕೈಗಿಟ್ಟಳು. ಜನವರಿಯ ಚಳಿಯಲ್ಲಿ ಬರಿಯ ಸೀರೆ ಕುಪ್ಪಸದಲ್ಲಿ ನಿಂತು ಲಾರಿ ಬೆಳಗಾವಿ ರಸ್ತೆಗೆ ತಿರುಗುವವರೆಗೆ ನೋಡಿದಳು. ಆಮೇಲೆ ಬಸ್ಸು ಹತ್ತಿ ಮನೆಗೆ ಬಂದಳು.

ಔಷಧದ ಮಾತು ಕೇಳಿ ಹೊಳೆವ್ವ ಎಂಟನೆಯ ದಿನಕ್ಕೆ ಬಂದಳು. ಬಾಗಿಲಲ್ಲೇ ಎರಡೂ ಕೈ ಮುಂದೆ ಚಾಚಿದಳು, ಕೂಸನ್ನು ಎತ್ತಿಕೊಳ್ಳಲು ಚಾಚುವಂತೆ. ಆ ಕೈ ನೋಡಿದ ಮೇಲೆ ಹೇಳಬೇಕೆಂದು ಜೋಡಿಸಿಟ್ಟುಕೊಂಡ ಮಾತೆಲ್ಲ ಶಂಕ್ರೆವ್ವನಿಗೆ ಮರೆತುಹೋಯಿತು. ಇನ್ನೂ ಸ್ವಲ್ಪ ಹೊಲಿಗೆ ಬಾಕಿ ಇದೆ, ಶಿವರಾತ್ರಿ ಮುಗಿದ ಮೇಲೆ ನಾನೇ ತಂದುಕೊಡುತ್ತೇನೆ ಎಂದುಬಿಟ್ಟಳು. ಹೊಳೆವ್ವ ಒಂದು ಮಾತೂ ಎತ್ತಿ ಆಡದೆ ಚಹಾ ಕುಡಿದು ಹೋದಳು.

ಹೊಳೆವ್ವ ಹೋದ ಮೇಲೆ ಶಂಕ್ರೆವ್ವ ಮಗಳ ಬಟ್ಟೆಯ ಪೆಟ್ಟಿಗೆ ತೆಗೆದಳು. ಸುವರ್ಣಾಳ ಹಳದಿ ಫ್ರಾಕು, ಸುವರ್ಣಾಳ ನೀಲಿ ಸ್ಕರ್ಟು, ಸುವರ್ಣಾಳ ಬಿಳಿ ಅಂಗಿ. ಅದೇ ತಾನಿನ ಬಟ್ಟೆ, ಅದೇ ಅಳತೆ, ಅವೇ ಹೂವು. ಮೇಲಿನ ಪದರಕ್ಕೆ ಈ ಸಲ ತೀರಿಕೊಂಡ ಅಜ್ಜಿಯ ಸೀರೆ ತೆಗೆದಳು. ಇದ್ದ ಮಗಳ ಬಟ್ಟೆಯನ್ನು ಹೋದ ಮಗಳದೆಂದು ಹೊಲಿಯುವುದು ಎಂಥ ಕೆಲಸ ಎಂದು ಆಕೆಗೆ ಗೊತ್ತಿಲ್ಲದೆ ಇರಲಿಲ್ಲ. ಬೆಕ್ಕು ಅಡ್ಡ ಬಂದರೂ ಲೆಕ್ಕಿಸದ ಹೆಂಗಸು, ಅಮಾವಾಸ್ಯೆಯ ದಿನವೇ ಹೊಸ ಕೌದಿಗೆ ಕೈ ಹಾಕುವವಳು. ಆದರೂ ಆ ಹತ್ತು ದಿನ ಒಂದೊಂದು ಹೊಲಿಗೆಗೂ ಸುವರ್ಣಾಳ ಹೆಸರಲ್ಲಿ ಶಿವನನ್ನು ನೆನೆದಳು. ಕೊನೆಯ ಮೂಲೆಗೆ ಬಂದಾಗ ರೊಟ್ಟಿಯ ತುತ್ತು ಕೈಯಲ್ಲಿ ಹಿಡಿದು ಕೂತಳು. ಸತ್ತವರಿಗೆ ಎಡೆ ಇಟ್ಟ ಹಾಗೆ ಸುವರ್ಣಾಳ ಫ್ರಾಕಿನ ಮೇಲೆ ಅದನ್ನು ಇಡಲು ಕೈ ಬರಲಿಲ್ಲ. ಹಾಗೆಯೇ ಮುಚ್ಚಿ ಹೊಲಿದಳು. ಫ್ರಾಕು ಎಲ್ಲಿ ಎಂದು ಸುವರ್ಣಾ ಎರಡು ದಿನ ಅತ್ತಳು. ಇಲಿ ಕಡಿದಿತ್ತು, ಎಸೆದೆ ಎಂದಳು ತಾಯಿ.

ಇಂದೂರಿನಲ್ಲಿ ಹೊಳೆವ್ವ ಆ ಕೌದಿಯನ್ನು ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡಳು. “ಆಕೀದ ವಾಸನಿ ಐತಿ,” ಎಂದಳು.

ಅಂದಿನಿಂದ ಶಂಕ್ರೆವ್ವನಿಗೆ ಸಮಾಧಾನವೆಂಬುದು ಇಲ್ಲ. ಸುವರ್ಣಾ ಸೀನಿದರೆ ಸಾಕು, ಕೈ ಹಣೆಗೆ ಹೋಗುತ್ತಿತ್ತು. ಹನ್ನೆರಡನೆಯ ವರ್ಷ ಹುಡುಗಿಗೆ ಕಾಮಾಲೆಯಾಗಿ ಕಣ್ಣು, ಉಗುರು ಹಳದಿಯಾದಾಗ ಶಂಕ್ರೆವ್ವ ತಡೆಯಲಾರದೆ ಇಂದೂರಿಗೆ ಓಡಿದಳು. ಎಲ್ಲ ಹೇಳಿ, ಕಾಲು ಹಿಡಿದು, ಕೌದಿ ತಿರುಗಿ ತರಬೇಕೆಂದು ಹೋದದ್ದು. ಮಟಮಟ ಮಧ್ಯಾಹ್ನ, ಹೊಳೆವ್ವ ಪಡಸಾಲೆಯಲ್ಲಿ ಮಲಗಿ ನಿದ್ದೆ ಹೋಗಿದ್ದಳು. ಒಂದು ಕೈ ಕೌದಿಯ ಮೂಲೆಯ ಹಳದಿ ತುಂಡಿನ ಮೇಲಿತ್ತು. ಶಂಕ್ರೆವ್ವ ಅರ್ಧ ತಾಸು ಕಂಬಕ್ಕೊರಗಿ ಕೂತು, ಎಬ್ಬಿಸದೆ ಎದ್ದು ಬಂದಳು. ಸುವರ್ಣಾ ಗುಣವಾದಳು. ಬೆಳೆದಳು, ಓದಿದಳು, ಹಳಿಯಾಳಕ್ಕೆ ಮದುವೆಯಾಗಿ ಅಂಗನವಾಡಿ ಶಿಕ್ಷಕಿಯಾದಳು, ಒಂದು ಹೆಣ್ಣು ಹೆತ್ತಳು. ಆಕೆ ಇಂದೂರಿಗೆ ಹೋದಾಗಲೆಲ್ಲ ಹೊಳೆವ್ವ ಪಕ್ಕದಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ತನ್ನ ಮಗಳಿದ್ದರೆ ಇಷ್ಟು ಎತ್ತರವಾಗುತ್ತಿದ್ದಳು, ಹೀಗೇ ನಗುತ್ತಿದ್ದಳು ಎಂದು ಅಳೆದುಕೊಳ್ಳುವ ಕಣ್ಣು ಅದು. ಶಂಕ್ರೆವ್ವ ಆ ಕಡೆ ನೋಡುತ್ತಿರಲಿಲ್ಲ.

ಮೊನ್ನೆ ಮೊನ್ನೆ, 2026ರ ಗಣರಾಜ್ಯೋತ್ಸವ. ಲಾಡು ಹಂಚಿಯಾಗಿತ್ತು, ಸೋಮಪ್ಪ ದೀಪ ತೂಗಿಸಿ ಮುಗಿಸಿ ಕೌದಿಗೆ ಬಂದಿದ್ದ. ಶಂಕ್ರೆವ್ವ ಒಳಗೆ ಬರುವಷ್ಟರಲ್ಲಿ ಫೋನು ರಿಂಗಾಯಿತು. ಇಂದೂರಿನಿಂದ ರುದ್ರೇಶ. ಅವ್ವನ ಎದೆಯಲ್ಲಿ ನೀರು ತುಂಬಿದೆ, ಹುಬ್ಬಳ್ಳಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿರಿ ಎಂದಿದ್ದಾರೆ, ನಿಮ್ಮನ್ನು ನೋಡಬೇಕೆಂದು ಹಟ ಹಿಡಿದಿದ್ದಾಳೆ ಎಂದ. ಇನ್ನೊಂದು ಮಾತನ್ನು ಮುಜುಗರದಿಂದ ಹೇಳಿದ. ತನ್ನನ್ನು ಮಣ್ಣು ಮಾಡುವಾಗ ಆ ಹಳೆಯ ಕೌದಿಯನ್ನು ಒಳಗೆ ಹಾಸಬೇಕೆಂದು ಅವ್ವ ಮಗನ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದಾಳೆ, ಯಾಕೋ ತಿಳಿಯದು.

ಶಂಕ್ರೆವ್ವ ಫೋನು ಹಿಡಿದುಕೊಂಡೇ ನೆಲಕ್ಕೆ ಕೂತಳು. ಇಷ್ಟು ವರ್ಷ ಆ ಕೌದಿ ಒಂದು ತಾಯಿಯ ಮೈಮೇಲಾದರೂ ಇತ್ತು. ಈಗ ಹೆಣದ ಜೊತೆ ಕುಣಿಗೆ ಹೋಗುತ್ತದೆ. ಇದ್ದವರ ಬಟ್ಟೆ ಹೆಣದ ಸಂಗಡ ಮಣ್ಣಿಗೆ ಹೋದರೆ ಇದ್ದವರನ್ನೂ ಕರೆಯುತ್ತದೆ ಎಂದು ಆಕೆಯ ಅಜ್ಜಿ ಹೇಳುತ್ತಿದ್ದಳು. ಗಂಟು ಬಿಚ್ಚಿದಾಗಲೆಲ್ಲ ಸತ್ತವರ ಬಟ್ಟೆ, ಇದ್ದವರ ಬಟ್ಟೆ ಬೇರೆ ಮಾಡುವುದನ್ನು ಕಲಿಸಿದ್ದೇ ಆ ಅಜ್ಜಿ. ಹೇಳಿಬಿಡಬೇಕು, ಇನ್ನು ದಾರಿಯೇ ಇಲ್ಲ ಎಂದು ಶಂಕ್ರೆವ್ವ ಮನಸ್ಸು ಗಟ್ಟಿ ಮಾಡಿಕೊಂಡಳು. ಇಂದೂರಿಗೆಂದು ಹೊರಟ ತಾಯಿಯ ಬಸ್ಸನ್ನು ಹಳಿಯಾಳದಲ್ಲಿ ಸುವರ್ಣಾಳೂ ಹತ್ತಿದಳು. ಬೇಡವೆಂದರೂ ಕೇಳಲಿಲ್ಲ. ಕಲಘಟಗಿ ದಾಟುವವರೆಗೆ ತಾಯಿ ಮಗಳ ಕೈ ಬಿಡಲಿಲ್ಲ.

ಹೊಳೆವ್ವನಿಗೆ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದರು. ಕೌದಿ ಕಾಲಮೇಲಿತ್ತು, ಸವೆದು ಸವೆದು ಮೇಲಿನ ಸೀರೆ ಅಲ್ಲಲ್ಲಿ ಹರಿದು ಒಳಗಿನ ಪದರ ಕಾಣುತ್ತಿತ್ತು. ಹೊಳೆವ್ವ ಸುವರ್ಣಾಳ ಕೆನ್ನೆ ಮುಟ್ಟಿ ನೋಡಿ, ಸೊಸೆಯ ಸಂಗಡ ಅಡಿಗೆಮನೆಗೆ ಕಳಿಸಿದಳು. ಇಬ್ಬರೇ ಉಳಿದರು. ಶಂಕ್ರೆವ್ವ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೊಳೆವ್ವ ಕೈ ಎತ್ತಿ ತಡೆದಳು.

“ಒಂದ ಮಾತ ಕೇಳಬೇಕಾಗಿತ್ತು. ಇಪ್ಪತ್ತೈದ ವರ್ಷ ಆತು, ಧೈರ್ಯ ಆಗಿಲ್ಲ.” ಉಸಿರು ತೆಗೆದುಕೊಂಡಳು. “ಕಡೀ ಮೂಲಿ ಮುಚ್ಚೂ ಮುಂದ ತುತ್ತ ಇಟ್ಟಿದ್ದಿ? ಮೂರ ದಿನ ಏನೂ ತಿನ್ಲಾರದ ಹೋದ್ಲ ನನ್ನ ಕೂಸು. ನಾ ಆಕೀ ಕಡೆ ಹೊಂಟೇನಿ. ಹಸದಾಳೋ ಏನೋ ಅಂತ ಅದೊಂದ ಜೀವಕ್ಕ ಹತ್ತೇತಿ.”

ಶಂಕ್ರೆವ್ವನಿಗೆ ಕಾಲಮೇಲಿದ್ದ ಬರಿಹೊಟ್ಟೆಯ ಕೌದಿ ಕಂಡಿತು. ಮತ್ತೊಂದು ಕೌದಿಯೂ ಕಂಡಿತು, ಲಾರಿಯ ಹಲಗೆಯ ಸಂದಿಯಲ್ಲಿ. ಹೇಳಬಹುದಾದ ಸತ್ಯ ಆಕೆಯ ಬಳಿ ಒಂದೇ ಉಳಿದಿತ್ತು.

“ಇಟ್ಟೇನಿ ಯಕ್ಕಾ,” ಎಂದಳು. “ಗುಜರಾತದಾಗ ಭೂಮಿ ನಡುಗಿತಲ್ಲ, ಅವತ್ತ ಮುಂಜಾನೆ. ಶಾಲ್ಯಾಗ ಭಾಷಣ ನಡದಿತ್ತು. ಸಜ್ಜಕದ ಹೋಳಿಗಿ ಮಾಡಿದ್ನಿ, ತುಪ್ಪ ಹಚ್ಚಿದ್ನಿ. ಆಕೀ ಹಳದಿ ಅಂಗೀ ಎದೀ ಮ್ಯಾಲ ನನ್ನ ಕೈಲೆ ಇಟ್ಟೇನಿ. ಉಣ್ಣವ್ವಾ ಅಂದೇನಿ. ಶಿವನ ಆಣಿ ಮಾಡಿ ಹೇಳ್ತೇನಿ.”

“ಸಜ್ಜಕದ್ದ?” ಎಂದಳು ಹೊಳೆವ್ವ. ಮುಖ ಸಡಿಲಾಯಿತು. ಶಂಕ್ರೆವ್ವನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಇಷ್ಟು ವರ್ಷ ಆ ದಿನ ಎಲ್ಲಿದ್ದೆ ಎಂದು ಕೇಳಿದವರಿಗೆಲ್ಲ ಅರ್ಧ ಉತ್ತರ ಕೊಟ್ಟು ಎದ್ದು ಹೋದವಳು ಮೊದಲ ಸಲ ಪೂರ್ತಿ ಹೇಳಿದ್ದಳು. ಒಂದೊಂದು ಮಾತೂ ನಿಜ. ಎಲ್ಲ ಸೇರಿದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ಆಕೆ ಜೀವಮಾನದಲ್ಲಿ ಹೇಳಿರಲಿಲ್ಲ.

ಎರಡು ದಿನದ ಮೇಲೆ ಹೊಳೆವ್ವ ಹೋದಳು. ಅವರ ಹೊಲದಲ್ಲೇ ಕುಣಿ ತೋಡಿದರು. ಸೋಮಪ್ಪನೂ ದಾಂಡೇಲಿಯಿಂದ ಬಂದಿದ್ದ. ಬದುವಿನ ಮೇಲೆ ರುದ್ರೇಶ ಕೌದಿ ಹಿಡಿದು ನಿಂತಿದ್ದ. ಸುವರ್ಣಾ ಬಳಿ ಹೋಗಿ ಮೂಲೆಯ ತುಂಡನ್ನು ಬೆರಳಲ್ಲಿ ಸವರಿದಳು. “ಇಂಥಾದ ನಂದೂ ಒಂದಿತ್ತಲ್ಲವ್ವಾ? ಇಲಿ ಕಡದಿದ್ದು,” ಎಂದಳು. ಶಂಕ್ರೆವ್ವ ತಲೆ ಆಡಿಸಿದಳು. ಇಬ್ಬರಿಗೂ ಒಂದೇ ತಾನಿನದು ಎಂದಳು. ಸೋಮಪ್ಪ ಪಕ್ಕದವರಿಗೆ, ಇಂಥದ್ದೇ ಒಂದು ಕೌದಿ ತಾನು ಗುಜರಾತಕ್ಕೆ ಕೊಟ್ಟದ್ದನ್ನು ಸಣ್ಣ ದನಿಯಲ್ಲಿ ಹೇಳುತ್ತಿದ್ದ.

ಕ್ರಿಯೆ ನಡೆಸಲು ಬಂದಿದ್ದ ಅಡಿವೆಯ್ಯ ವಯಸ್ಸಾದ ಜಂಗಮ. ರುದ್ರೇಶ ಕುಣಿಗೆ ಇಳಿದು ಕೌದಿ ಹಾಸಲು ಹೋದಾಗ ಆತ ತಡೆದ.

“ಹಾಸೂ ಮುಂದ ಹೇಳ್ರಿ, ಇದರಾಗ ಯಾರ ಯಾರ ಬಟ್ಟಿ ಅದಾವು ಗೊತ್ತೈತೇನು?” ಎಂದ. “ಇದ್ದವರದ ಒಂದ ಚಿಂದಿ ಇದ್ರೂ ಒಳಗ ಹೋಗಬಾರದು. ಹೊಲದವರ ಯಾರು?”

ಎಲ್ಲರೂ ಶಂಕ್ರೆವ್ವನ ಕಡೆಗೆ ತಿರುಗಿದರು. ಆಕೆಗೆ ಕಂಡದ್ದು ಎರಡೇ. ಕುಣಿಯ ಅಂಚಿನಲ್ಲಿ, ವಿಭೂತಿ ಹಚ್ಚಿ ಕೂರಿಸಿದ ಹೊಳೆವ್ವ. ಪಕ್ಕದಲ್ಲಿ, ಸೆರಗು ತಲೆಗೆ ಹೊದ್ದು ನಿಂತ ಸುವರ್ಣಾ. ಒಂದು ಮಾತು ಹೇಳಿದರೆ ಕೌದಿ ಮೇಲೆ ಬರುತ್ತಿತ್ತು. ಹಸಿವು ಆರಿತೆಂದು ನಂಬಿ ಹೋದವಳು ಬರಿಗೈಯಲ್ಲಿ ಮಗಳ ಕಡೆ ಹೋಗಬೇಕಾಗುತ್ತಿತ್ತು.

“ಇದ್ದವರದು ಯಾವೂ ಇಲ್ಲರಿ ಅಯ್ಯನವರ,” ಎಂದಳು ಶಂಕ್ರೆವ್ವ. “ಎಲ್ಲಾ ಹೋದವರವ.”

ಅಡಿವೆಯ್ಯ ತಲೆಯಾಡಿಸಿದ. ಕೌದಿ ಹಾಸಿ, ಅದರ ಮೇಲೆ ಹೊಳೆವ್ವನನ್ನು ಕೂರಿಸಿ, ಬಿಲ್ವಪತ್ರೆ ಹಾಕಿದರು. ಹಳದಿಯ ಮೂಲೆಯನ್ನು ರುದ್ರೇಶ ಮಡಿಚಿ ಅವ್ವನ ಕೈಕೆಳಗೆ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು.

ಸುವರ್ಣಾ ಮುಂದೆ ಹೋಗಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಶಂಕ್ರೆವ್ವ ದಾಪುಗಾಲು ಹಾಕಿ ಹೋಗಿ ಆಕೆಯ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋವಾಗುವಷ್ಟು ಗಟ್ಟಿಯಾಗಿ ಹಿಡಿದಳು.

“ಯಾಕವ್ವಾ?” ಎಂದಳು ಸುವರ್ಣಾ.

ಹಿಂದೆ ಸಾಲು ಕಾಯುತ್ತಿತ್ತು. ಹೇಳಲು ಕಾರಣ ಒಂದೇ ಇತ್ತು. ಅದನ್ನು ಈಗಷ್ಟೇ ಆಕೆ ಊರಿನ ಮುಂದೆ ಇಲ್ಲವೆಂದಿದ್ದಳು. ಶಂಕ್ರೆವ್ವ ಕೈ ಬಿಟ್ಟಳು. ಸುವರ್ಣಾ ಮಣ್ಣು ಹಾಕಿದಳು. ಪದ್ಧತಿಯಂತೆ ಮೂರು ಸಲ ಹಾಕಿ, ಕೈ ಕೊಡವಿಕೊಂಡು ತಾಯಿಗೆ ಜಾಗ ಬಿಟ್ಟು ಸರಿದು ನಿಂತಳು.